ಅಖ್ತರ್‌ಬಿಯ ಅಂಗೈ

ಶಿಡ್ಲಘಟ್ಟದಲ್ಲಿ ನನ್ನ ಔಷಧಿ ಅಂಗಡಿಗೆ
ಮೂರು ಮೆಟ್ಟಿಲು.
ಮೊದಲೆಲ್ಲ ಒಂದೇ ಉಸಿರಿಗೆ ಹತ್ತಿ,
ಗಾಜಿನ ಮೇಲೆ ಹತ್ತು ರೂಪಾಯಿ ಒತ್ತಿ,
'ರೋಣಪ್ಪಣ್ಣ, ಆ ನೋವಿನದು ನಾಕು ಕೊಡಿ' ಅನ್ನುತ್ತಿದ್ದಳು.
ಕೊಡುತ್ತಿದ್ದೆ.
ಚೀಟಿ ಕೇಳಿದವನಲ್ಲ. ಎರಡು ವರ್ಷ.

ಅವಳ ಬೆರಳು ಸದಾ ಬಿಸಿನೀರಿನಲ್ಲಿ.
ಬೇಯುವ ಗೂಡುಗಳ ನಡುವೆ ಎಳೆಯ ತುದಿ ಹುಡುಕಿ
ಏಳೆಂಟನ್ನು ಕೂಡಿಸಿ ರಾಟೆಗೆ ಕೊಡುವ ಬೆರಳು.
ಸಂಜೆಗೆ ಗೆಣ್ಣು ಗೆಣ್ಣೂ ಕೂಗುತ್ತವಂತೆ,
ಸೊಂಟ ಬೇರೆ.
ಬರಿಹೊಟ್ಟೆಗೆ ಒಂದು ಗುಳಿಗೆ, ಮೇಲೊಂದು ಚಾ.
ನೋವು ಹೋಗುತ್ತಿತ್ತು. ಹೋಗುತ್ತಾ
ಏನೇನು ಕೊಂಡೊಯ್ಯುತ್ತಿದೆಯೆಂದು
ಅವಳೂ ನೋಡಲಿಲ್ಲ, ನಾನೂ.

ರಂಜಾನಿಗೆ ತಲೆ ಸುತ್ತು ಅಂದಳು.
ಉಪವಾಸ, ಅಂದೆ.
ಯುಗಾದಿ ಕಳೆದ ಮೇಲೆ ಎರಡನೆ ಮೆಟ್ಟಿಲಲ್ಲೇ ಕೂರತೊಡಗಿದಳು.
ಬಿಸಿಲು, ಅಂದೆ.
ಕಿವಿಯೊಳಗೆ ರಾಟೆ ತಿರುಗುತ್ತೆ ಅಣ್ಣ, ರಾತ್ರಿಯೂ, ಅಂದಳು.
ಹಗಲೆಲ್ಲ ಅದೇ ಸದ್ದಲ್ಲವೇ, ಅಂದೆ.
ಮಡಿಲಲ್ಲಿ ಹಸಿ ಅಕ್ಕಿ, ಕಟಕಟ.
ಮಗನ ಬಳಪವನ್ನೂ ಬಿಡಲ್ಲ ಇವಳು ಅಂತ
ಜೊತೆಯವಳು ನಕ್ಕಳು. ನಾನೂ ನಕ್ಕೆ.
ಎಲ್ಲಕ್ಕೂ ನನ್ನ ಬಳಿ ಒಂದು ಕಾರಣವಿತ್ತು,
ಎಲ್ಲ ಕಾರಣಕ್ಕೂ ಒಂದು ಬಾಟಲಿ.
ಕಬ್ಬಿಣದ ಟಾನಿಕ್ ಕೊಟ್ಟೆ. ದೊಡ್ಡದೇ.

ಒಂದು ಮಧ್ಯಾಹ್ನ, ಗಿರಾಕಿಯಿಲ್ಲದ ಹೊತ್ತು,
ದುಪ್ಪಟ್ಟಾದ ಅಂಚು ಬಾಯಿಗಿಟ್ಟು
ಗೋಡೆಯ ಕ್ಯಾಲೆಂಡರಿಗೆ ಹೇಳುವಂತೆ ಹೇಳಿದಳು:
'ಕಪ್ಪಗೆ ಹೋಗುತ್ತೆ ಅಣ್ಣ.'
'ಟಾನಿಕ್ ಕುಡಿದರೆ ಹಾಗೇ. ರಾಗಿಮುದ್ದೆ ಬೇರೆ ತಿಂತೀಯ.'
ಹೊರಟಳು. ಕೊನೆಯ ಮೆಟ್ಟಿಲಲ್ಲಿ ತಿರುಗಿ,
'ಟಾನಿಕ್‌ಗೂ ಮೊದಲಿಂದ. ಡಾಂಬರಿನ ಹಾಗೆ, ಅಂಟು.
ಎಷ್ಟು ನೀರು ಹುಯ್ದರೂ ಹೋಗಲ್ಲ.
ಹುಳದ ನಾತದಲ್ಲೇ ಹುಟ್ಟಿ ಬೆಳೆದವಳು ನಾನು,
ನನಗೇ ತಡೆಯಕ್ಕಾಗಲ್ಲ ಆ ವಾಸನೆ.'

ಆಗ, ಕೈ ತೋರಿಸು ಅಂದೆ.
ಇಷ್ಟು ದಿನ ಆ ಅಂಗೈಯಿಂದ ನೋಟು ತೆಗೆದುಕೊಂಡಿದ್ದೆ,
ಅಂಗೈ ನೋಡಿರಲಿಲ್ಲ.
ಗೆರೆಗಳಲ್ಲೂ ಕೆಂಪಿಲ್ಲ.
ಉಗುರು ಚಮಚದಂತೆ ತಗ್ಗು,
ಒಂದು ಹನಿ ನೀರು ನಿಂತೀತು.
ಕೆಳರೆಪ್ಪೆ ನೀನೇ ಎಳೆದು ತೋರಿಸು ಅಂದೆ:
ಹುಳ ಹಾರಿಹೋದ ಗೂಡಿನ
ಒಳಗಿನ ಬಿಳಿ.

ಗಾಯವಿಲ್ಲ, ಬಟ್ಟೆಗೊಂದು ತೊಟ್ಟಿನ ಕಲೆಯಿಲ್ಲ.
ರಕ್ತವೆಂದರೆ ಕೆಂಪು ಅಂದುಕೊಂಡಿದ್ದೆ
ಗೋಡೆಗೆ ಡಿಪ್ಲೊಮಾ ತೂಗುಹಾಕಿಕೊಂಡು.
ಹೊಟ್ಟೆಯೊಳಗಿನ ಹುಣ್ಣೊಂದು ತುದಿ ಹುಡುಕಿಕೊಂಡು
ಎಳೆ ಕಡಿಯದಂತೆ, ಸದ್ದಾಗದಂತೆ
ಅವಳನ್ನು ಬಿಚ್ಚಿ ಸುತ್ತಿಕೊಳ್ಳುತ್ತಿತ್ತು;
ಅವಳಷ್ಟೇ ನುರಿತ ಕೈ.

ಅರ್ಧ ಶಟರ್ ಎಳೆದು ಆಟೋ ಕೂಗಿದೆ.
ತಾಲ್ಲೂಕು ಆಸ್ಪತ್ರೆಯಲ್ಲಿ ಐದೂ ಮುಕ್ಕಾಲು ಅಂದರು,
ಹನ್ನೆರಡಿರಬೇಕಾದದ್ದು.
ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ, ಆಂಬುಲೆನ್ಸಿನಲ್ಲಿ.
'ನೋವಿನ ಗುಳಿಗೆ ಏನಾದರೂ?' ಡಾಕ್ಟರು ಕೇಳಿದರು.
ಅವಳು ನನ್ನ ಕಡೆ ನೋಡಲಿಲ್ಲ.
'ಯಾವಾಗಲೋ ಒಂದೊಂದು' ಅಂದಳು.
ನಾನು ಲೆಕ್ಕ ಹೇಳಿದೆ. ಎರಡು ವರ್ಷದ್ದು.
ಡಾಕ್ಟರ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಮೂರು ಚೀಲ ರಕ್ತ ಏರಿಸಿದರಂತೆ.
ಬಾಯಿಂದ ನಳಿಗೆ ಇಳಿಸಿ ನೋಡಿದರಂತೆ.
ಮಿಕ್ಕದ್ದು ನನಗೆ ಹೇಳುವವರಿಲ್ಲ,
ಕೇಳುವ ಮುಖವೂ ಇಲ್ಲ.

ನಿನ್ನೆ ಅವಳ ಮಗ ಬಂದ.
ಮೂರೂ ಮೆಟ್ಟಿಲು ಒಂದೇ ನೆಗೆತಕ್ಕೆ.
ಎರಡು ಗುಳಿಗೆ ಉಳಿದ ಪಟ್ಟಿಯನ್ನು ಗಾಜಿನ ಮೇಲಿಟ್ಟ.
'ಅಮ್ಮಿ ವಾಪಸ್ ಕೊಟ್ಟು ದುಡ್ಡು ಇಸ್ಕೊಂಡು ಬಾ ಅಂದ್ರು.'
ಐದು ರೂಪಾಯಿ ಕೊಟ್ಟೆ.
ಮುಷ್ಟಿ ಮುಚ್ಚುವ ಮೊದಲೇ ಹಿಡಿದು
ಅವನ ಅಂಗೈ ಬೆಳಕಿಗೆ ತಿರುಗಿಸಿದೆ.
ಬಿಳಿ.
ಎದೆ ಧಸಕ್ಕೆಂದಿತು.
ಹೆಬ್ಬೆರಳಿಂದ ಉಜ್ಜಿದೆ, ಇನ್ನೊಮ್ಮೆ ಉಜ್ಜಿದೆ.

ಬಳಪದ ಹುಡಿ.